ಏಳು ಜನ ಹಾಡುವಾಗ ಉಳಿದವರು

ರೈಲಿನಲ್ಲಿ

ಎಸ್ತೋನಿಯದ ರಾಜಧಾನಿ ತಾಲಿನ್‌ನಿಂದ ವಾಲ್ಗಕ್ಕೆ ಹೋಗುವ ರೈಲಿನಲ್ಲಿ ನನ್ನೆದುರು ಕುಳಿತಿದ್ದ ಹೆಂಗಸು ಮೂರು ಗಂಟೆ ಒಂದು ಮಾತನ್ನೂ ಆಡಲಿಲ್ಲ. ಸಿಟ್ಟಿನಿಂದಲ್ಲ. ನಾನು ಬಾಳೆಕಾಯಿ ಚಿಪ್ಸಿನ ಪೊಟ್ಟಣ ಚಾಚಿದಾಗ ಒಂದೇ ಒಂದು ತೆಗೆದುಕೊಂಡು, ಅದನ್ನು ನಾಲ್ಕು ಸಲ ಕಚ್ಚಿ ತಿಂದು, ತಲೆಯಾಡಿಸಿ ಮತ್ತೆ ಕಿಟಕಿಯತ್ತ ತಿರುಗಿದಳು. ಕಾಸರಗೋಡಿನಿಂದ ಮುಳ್ಳೇರಿಯಕ್ಕೆ ಹೋಗುವ ಬಸ್ಸಿನಲ್ಲಾಗಿದ್ದರೆ ಚೆರ್ಕಳ ದಾಟುವುದರೊಳಗೆ ಪಕ್ಕದವರಿಗೆ ನನ್ನ ಮನೆ ಎಲ್ಲಿ, ಗಂಡನಿಗೆ ಎಂತ ಕೆಲಸ, ಮಂಡಿನೋವಿಗೆ ಯಾವ ಎಣ್ಣೆ ಎಂಬುದೆಲ್ಲ ಗೊತ್ತಾಗಿರುತ್ತಿತ್ತು.

ನಾನು ಮುಳ್ಳೇರಿಯದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುವವಳು. ಗಡಿಯೂರುಗಳ ಶಾಲೆಗಳನ್ನು ನೋಡಿ ಬರುವ ಎರಡು ವಾರದ ಅಧ್ಯಾಪಕ ವಿನಿಮಯಕ್ಕೆ ಅರ್ಜಿ ಹಾಕಿದ್ದೆ, ಆಯ್ಕೆಯಾಗಿಬಿಟ್ಟೆ. ಪ್ರತಿದಿನ ಡೈರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದ ಉಂಟು. ಈ ಕಥನ ಬರೆಯುವಾಗ ಡೈರಿಯನ್ನು ಪಕ್ಕದಲ್ಲಿಟ್ಟುಕೊಂಡಿದ್ದೇನೆ. ನೆನಪು ಹೇಳುವುದೂ ಡೈರಿ ಹೇಳುವುದೂ ಹೊಂದದ ಕಡೆ ಎರಡನ್ನೂ ಹೇಳುತ್ತೇನೆ, ಏಕೆಂದರೆ ನನ್ನ ನೆನಪು ನನಗೆ ಅನುಕೂಲವಾಗುವ ಹಾಗೆ ನಡೆದುಕೊಳ್ಳುತ್ತದೆ ಎಂಬುದನ್ನು ಹಲವು ಸಲ ಕಂಡಿದ್ದೇನೆ.

ರೈಲಿನಲ್ಲಿ ಆ ಮೂರು ಗಂಟೆ ನಾನು ಯೋಚಿಸಿದ್ದು ಒಂದು ಗೋಡೆಯ ಬಗ್ಗೆ.

ನಮ್ಮ ಶಾಲೆಯಲ್ಲಿ ಒಂದು ಉದ್ದನೆಯ ಹಾಲ್ ಉಂಟು. ನಡುವೆ ಮರದ ಚೌಕಟ್ಟಿನ ಸ್ಕ್ರೀನುಗಳನ್ನಿಟ್ಟು ಅದನ್ನು ಎರಡು ಕ್ಲಾಸು ಮಾಡಿದ್ದಾರೆ. ಆ ಕಡೆ ಒಂಬತ್ತು ಎ, ಮಲಯಾಳ ಮಾಧ್ಯಮ. ಈ ಕಡೆ ಒಂಬತ್ತು ಬಿ, ಕನ್ನಡ ಮಾಧ್ಯಮ. ನಾನು ಹೊರಡುವ ಮೂರು ವಾರ ಮೊದಲು ಶಾಲಾ ಕಲೋತ್ಸವ ನಡೆಯಿತು. ಸಮೂಹಗಾನದಲ್ಲಿ ಎ ಮೊದಲು, ಬಿ ಎರಡನೆಯದು. ಮರುದಿನ ಬೆಳಿಗ್ಗೆ ಎ ಕಡೆಯಿಂದ ಯಾರೋ ಸ್ಕ್ರೀನಿಗೆ ಬಡಿದು ತಾಳ ಹಾಕಿದರು, ಬಿ ಕಡೆಯಿಂದ ಯಾರೋ ಒದ್ದರು. ಸ್ಕ್ರೀನು ಬಿದ್ದು ಒಬ್ಬ ಹುಡುಗಿಯ ಪಾದ ಊದಿತು. ಪೋಷಕರೂ ಅಧ್ಯಾಪಕರೂ ಇರುವ ರಕ್ಷಕ ಶಿಕ್ಷಕ ಸಂಘದ ಕಾರ್ಯಕಾರಿ ಸಮಿತಿ ಸೇರಿ, ಕ್ರಿಸ್ಮಸ್ ರಜೆಯಲ್ಲಿ ಆ ಜಾಗದಲ್ಲಿ ಗೋಡೆ ಕಟ್ಟಬೇಕೆಂದು ಹೇಳಿತು. ಕೊನೆಯ ತೀರ್ಮಾನ ಡಿಸೆಂಬರಿನ ಮಹಾಸಭೆಯಲ್ಲಿ.

ಗೋಡೆ ಬಂದರೆ ಎರಡು ಕಡೆಯವರೂ ಹತ್ತನೆಯ ಕ್ಲಾಸು ಮುಗಿಸಿ ಹೋಗುವವರೆಗೆ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡುವುದಿಲ್ಲ. ನಾನು ಅದಕ್ಕೆ ಬಿಡಬಾರದೆಂದು ನಿರ್ಧರಿಸಿದ್ದೆ. ಈ ನಿರ್ಧಾರದಲ್ಲಿ ಮಕ್ಕಳ ಮೇಲಿನ ಪ್ರೀತಿ ಎಷ್ಟು, ತಪ್ಪಿತಸ್ಥ ಭಾವ ಎಷ್ಟು ಎಂದು ಈಗಲೂ ನನಗೆ ಖಚಿತವಿಲ್ಲ. ಆ ದಿನ ಸಮೂಹಗಾನಕ್ಕೆ ತೀರ್ಪು ಕೊಟ್ಟವಳು ನಾನೇ.

ವಾಲ್ಗ: ಮೊದಲ ದಿನ

ಅಕ್ಟೋಬರ್ ತಿಂಗಳು. ಬೆಳಿಗ್ಗೆ ಎಂಟಕ್ಕೂ ಮಬ್ಬುಗತ್ತಲೆ. ನನ್ನನ್ನು ಕರೆದೊಯ್ಯಲು ಬಂದ ಸಂಗೀತ ಅಧ್ಯಾಪಕಿ ಮಾರೆತ್ ಮೊದಲು ಮಾಡಿದ ಕೆಲಸವೆಂದರೆ ನನ್ನ ಕೋಟಿಗೆ ಒಂದು ಬಿಲ್ಲೆ ನೇತುಹಾಕಿದ್ದು. ಸ್ವಾಗತದ ಪದಕ ಎಂದುಕೊಂಡು ನಾನು ಕೈಮುಗಿದೆ. ಕತ್ತಲಲ್ಲಿ ನಡೆಯುವವರ ಮೇಲೆ ಕಾರಿನ ಬೆಳಕು ಬಿದ್ದರೆ ಹೊಳೆಯುವ ಬಿಲ್ಲೆ ಅದು, ಆ ದೇಶದಲ್ಲಿ ಕಾನೂನು. ಮಾರೆತ್ ನಗಲಿಲ್ಲ, ಅವರೂ ಕೈಮುಗಿದರು. ಹೀಗೆ ನಮ್ಮ ಪರಿಚಯವಾಯಿತು.

ಅವರು ಐವತ್ತು ದಾಟಿದವರು, ಗಿಡ್ಡ ಕೂದಲು, ಗಟ್ಟಿ ಹೆಜ್ಜೆ. ಇಂಗ್ಲಿಷಿನಲ್ಲಿ ಒಂದೊಂದೇ ಪದವನ್ನು ಅಳೆದು ಮಾತಾಡುವವರು. ಶಾಲೆಯ ಬಾಗಿಲಲ್ಲಿ ಮಕ್ಕಳೆಲ್ಲ ಬೂಟು ಬಿಚ್ಚಿ, ಮನೆಯಲ್ಲಿ ಹಾಕುವಂಥ ಮೆತ್ತಗಿನ ಚಪ್ಪಲಿ ಹಾಕಿಕೊಂಡರು. ನನಗೆ ತುಂಬ ಸಂತೋಷವಾಗಿ ನನ್ನ ಬೂಟನ್ನೂ ಬಿಚ್ಚಿ ಬರೀ ಕಾಲುಚೀಲದಲ್ಲಿ ಇಡೀ ದಿನ ಓಡಾಡಿದೆ. ಸಂಜೆ ತಿಳಿಯಿತು, ಬೇರೆ ಚಪ್ಪಲಿ ತಾರದೆ ಕಾಲುಚೀಲದಲ್ಲಿ ಓಡಾಡುವುದು ಅಲ್ಲಿ ಮರೆಗುಳಿ ಮಕ್ಕಳ ಲಕ್ಷಣವಂತೆ.

ಮಧ್ಯಾಹ್ನ ಊಟಕ್ಕೆ ಬಿಸಿ ಹಾಲಿನಲ್ಲಿ ಸಣ್ಣ ಶಾವಿಗೆ ತೇಲುವ ಒಂದು ಬಟ್ಟಲು ಸಿಕ್ಕಿತು. ದೂರದೇಶದಲ್ಲಿ ಶಾವಿಗೆ ಪಾಯಸ! ದೊಡ್ಡ ಚಮಚ ತುಂಬಿ ಬಾಯಿಗಿಟ್ಟೆ. ಉಪ್ಪು. ನುಂಗಲೂ ಆಗದೆ ಉಗುಳಲೂ ಆಗದೆ ಕುಳಿತವಳನ್ನು ಎದುರಿನ ಹುಡುಗಿ ಗಮನಿಸಿ, ಒಂದು ತುಂಡು ಕಪ್ಪು ಬ್ರೆಡ್ಡನ್ನು ನನ್ನತ್ತ ತಳ್ಳಿದಳು. ಅವಳ ಹೆಸರು ದಾರ್ಯಾ, ಎಂಟನೆಯ ಕ್ಲಾಸು. ಮನೆಯಲ್ಲಿ ರಷ್ಯನ್ ಮಾತಾಡುವವಳು. ಆ ಮೇಜಿನಲ್ಲಿ ಎಲ್ಲರೂ ರಷ್ಯನ್ ಮಾತಾಡುವವರು, ಪಕ್ಕದ ಮೇಜಿನಲ್ಲಿ ಎಲ್ಲರೂ ಎಸ್ತೋನಿಯನ್. ನಡುವೆ ಸ್ಕ್ರೀನು ಇರಲಿಲ್ಲ ಅಷ್ಟೆ.

"ಊಟದ ಕೋಣೆಯಲ್ಲಿ ನಾನು ಏನೂ ಮಾಡಲಾರೆ," ಎಂದರು ಮಾರೆತ್. "ನನ್ನ ಕೈಯಲ್ಲಿರುವುದು ಸಂಗೀತದ ಎರಡು ಪೀರಿಯಡ್ ಮಾತ್ರ."

ಮೂರನೆಯ ದಿನ: ಏಳು ಜನ

ಮಾರೆತ್ ತಮ್ಮ ಎಂಟನೆಯ ಕ್ಲಾಸನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ಊರಿನ ಒಂದು ಹಾಡು ಕಲಿಸಿ," ಎಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಇಪ್ಪತ್ತಾರು ಮಕ್ಕಳು. ನಾನು ಸಂಗೀತ ಕಲಿತವಳಲ್ಲ, ಆದರೆ ಶಾಲೆಯ ಸಮೂಹಗಾನವನ್ನು ಹನ್ನೆರಡು ವರ್ಷ ತಯಾರು ಮಾಡಿದವಳು. ಧೈರ್ಯದಿಂದ ಶುರುಮಾಡಿದೆ.

ನಾಲ್ಕು ಸಾಲಿನ ಒಂದು ಮಳೆಯ ಹಾಡನ್ನು ಬೋರ್ಡಿನಲ್ಲಿ ಅವರ ಲಿಪಿಯಲ್ಲಿ ಬರೆದೆ. ಒಬ್ಬೊಬ್ಬರನ್ನೇ ಎಬ್ಬಿಸಿ ಒಂದು ಸಾಲು ಹಾಡಿಸಿದೆ. ಏಳು ಜನರನ್ನು ಆರಿಸಿದೆ. ಎತ್ತರದವರನ್ನು ಹಿಂದೆ, ಗಿಡ್ಡದವರನ್ನು ಮುಂದೆ, ಅರ್ಧಚಂದ್ರಾಕಾರದಲ್ಲಿ ನಿಲ್ಲಿಸಿದೆ. ಉಳಿದವರಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಏಳು ಜನ ಹಾಡಿದರು. ಚೆನ್ನಾಗಿಯೇ ಹಾಡಿದರು. ನಾನು ಚಪ್ಪಾಳೆ ತಟ್ಟಿದೆ.

ಕೂಡಲೇ ಉಳಿದ ಹತ್ತೊಂಬತ್ತು ಜನರಲ್ಲಿ ಏಳು ಜನ ಎದ್ದು ಮುಂದೆ ಬಂದು ಸಾಲಾಗಿ ನಿಂತರು. ಇದು ಸರದಿಯ ಆಟ ಎಂದು ಅವರು ತಿಳಿದಿದ್ದರು.

"ನೀವು ಕೂತುಕೊಳ್ಳಿ," ಎಂದೆ.

"ನಮ್ಮ ಸರದಿ?" ಎಂದ ಕಾಸ್ಪರ್ ಎಂಬ ದೊಡ್ಡ ದೇಹದ ಹುಡುಗ.

"ನೀವು ಕೇಳುವವರು."

ಅವನು ಮಾರೆತ್ ಕಡೆ ನೋಡಿದ. ಅವರು ಎದ್ದು ನನ್ನ ಮೇಜಿನ ಹತ್ತಿರ ಬಂದರು. ಅಲ್ಲಿ ನನ್ನ ಕಾಗದ ಇತ್ತು. ನನಗೇ ಅರಿವಿಲ್ಲದೆ ನಾನು ಏಳು ಹೆಸರು ಬರೆದು, ಮುಂದೆ ಗ್ರೇಡ್ ಹಾಕಿದ್ದೆ. ಎ, ಎ, ಬಿ, ಎ, ಬಿ, ಬಿ, ಎ. ಒಬ್ಬಳ ಮುಂದೆ "ಶ್ರುತಿ ಕಡಿಮೆ" ಎಂದು ಕನ್ನಡದಲ್ಲಿ ಷರಾ ಕೂಡ ಇತ್ತು.

"ಇದನ್ನು ಯಾರಿಗೆ ಕೊಡುತ್ತೀರಿ?" ಎಂದರು ಮಾರೆತ್.

ಯಾರಿಗೂ ಇಲ್ಲ. ಅಲ್ಲಿ ಸ್ಪರ್ಧೆ ಇರಲಿಲ್ಲ, ತೀರ್ಪು ಕೇಳಿದವರಿರಲಿಲ್ಲ. ನನ್ನ ಕೈ ತಾನಾಗಿ ಬರೆದದ್ದು. ನಮ್ಮಲ್ಲಿ ಸಮೂಹಗಾನಕ್ಕೆ ಏಳೇ ಜನ ಎಂದು ಕಲೋತ್ಸವದ ನಿಯಮ ಉಂಟು, ಅದಕ್ಕೆ ಏಳು ಜನರನ್ನೇ ಆರಿಸುವುದು ಎಂದು ವಿವರಿಸಿದೆ.

"ಉಳಿದವರು ಏನು ಮಾಡುತ್ತಾರೆ?"

"ಕೇಳುತ್ತಾರೆ."

"ಎಷ್ಟು ವರ್ಷ?"

ಇಲ್ಲಿ ನಿಲ್ಲಬೇಕು. ಈ ಕೊನೆಯ ಪ್ರಶ್ನೆ ನನ್ನ ಡೈರಿಯಲ್ಲಿ ಇಲ್ಲ. ಆ ದಿನದ ಪುಟದಲ್ಲಿ "ಮಾ. ಗ್ರೇಡ್ ಕಾಗದ ನೋಡಿದರು. ನಾಚಿಕೆಯಾಯಿತು. ಮಧ್ಯಾಹ್ನ ಆಲೂಗಡ್ಡೆ" ಎಂದಷ್ಟೇ ಉಂಟು. ಪ್ರಶ್ನೆಯನ್ನು ಮಾರೆತ್ ಕೇಳಿದರೋ, ಊರಿಗೆ ಮರಳಿದ ಮೇಲೆ ನಾನೇ ಅವರ ಬಾಯಿಗೆ ಹಾಕಿದೆನೋ ಗೊತ್ತಿಲ್ಲ. ಯಾರು ಕೇಳಿದ್ದರೂ ಪ್ರಶ್ನೆ ಸರಿಯಾಗಿಯೇ ಉಂಟು. ನಮ್ಮ ಶಾಲೆಯಲ್ಲಿ ಐದನೆಯ ಕ್ಲಾಸಿನಿಂದ ಹತ್ತನೆಯ ಕ್ಲಾಸಿನವರೆಗೆ ಒಂದು ಸಲವೂ ಬಾಯಿ ತೆರೆದು ಹಾಡದೆ ಹೋದ ಮಕ್ಕಳ ಮುಖ ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಹಾಡಿದವರ ಮುಖ ಎಲ್ಲ ನೆನಪಿತ್ತು. ಹಾಡದವರದು ಒಂದೂ ಬರಲಿಲ್ಲ.

ತೋಡಿನಾಚೆ

ವಾಲ್ಗ ಪಟ್ಟಣದ ನಡುವೆ ಒಂದು ಸಣ್ಣ ನೀರಿನ ತೋಡು ಹರಿಯುತ್ತದೆ. ತೋಡಿನಾಚೆ ಬೇರೆ ದೇಶ, ಲಾಟ್ವಿಯ. ಶನಿವಾರ ಮಾರೆತ್ ನನ್ನನ್ನು ಕಾಲುಸೇತುವೆ ದಾಟಿಸಿ ಆಚೆ ಕಾಫಿ ಕುಡಿಸಿಕೊಂಡು ಬಂದರು. ಪಾಸ್‌ಪೋರ್ಟನ್ನು ಎದೆಗವಚಿಕೊಂಡು ಹೋಗಿದ್ದೆ. ಕೇಳುವವರೇ ಇಲ್ಲ. ಒಬ್ಬ ಅಜ್ಜ ನಾಯಿಯನ್ನು ಎರಡು ದೇಶದಲ್ಲಿ ಓಡಾಡಿಸುತ್ತಿದ್ದ. ಕೊರೋನ ಕಾಲದಲ್ಲಿ ಅಲ್ಲೂ ಬೇಲಿ ಬಂದಿತ್ತಂತೆ. ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದವರು ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ನಿಂತು ಪರದಾಡಿದ್ದನ್ನು ನಾನು ಹೇಳಿದೆ.

"ಬೇಲಿ ತೆಗೆದ ಮೇಲೂ ಕೆಲವು ದಿನ ಯಾರೂ ದಾಟಲಿಲ್ಲ," ಎಂದರು ಮಾರೆತ್. "ಅಭ್ಯಾಸ ತಪ್ಪಿತ್ತು."

ಕಾಫಿ ಅಂಗಡಿಯಲ್ಲಿ ಅವರು ಎಸ್ತೋನಿಯನ್ ಮಾತಾಡಿದರು, ಅಂಗಡಿಯ ಹೆಂಗಸು ಲಾಟ್ವಿಯನ್ ಮಾತಾಡಿದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಕಾಫಿ ಮಾತ್ರ ಸರಿಯಾಗಿಯೇ ಬಂತು. ಇದು ನನಗೆ ಹೊಸದಲ್ಲ. ನಾಯ್ಮಾರ್ಮೂಲೆಯ ತರಕಾರಿ ಅಂಗಡಿಯಲ್ಲಿ ನಾನು ಕನ್ನಡದಲ್ಲಿ ಕೇಳಿ ಅವರು ಮಲಯಾಳದಲ್ಲಿ ಉತ್ತರಿಸಿ ಪಕ್ಕದವರು ತುಳುವಿನಲ್ಲಿ ನಡುವೆ ಬಾಯಿ ಹಾಕುವುದು ದಿನನಿತ್ಯದ ಮಾತು. ಅಂಗಡಿಯಲ್ಲಿ ಸಾಧ್ಯವಾಗುವುದು ಶಾಲೆಯಲ್ಲಿ ಯಾಕೆ ಆಗುವುದಿಲ್ಲ ಎಂದು ಡೈರಿಯಲ್ಲಿ ಬರೆದಿದ್ದೇನೆ.

ಎಂಟನೆಯ ದಿನ: ಬಯ್ಗುಳದ ಹಾಡು

ಆ ದಿನ ಮಾರೆತ್ ಮಕ್ಕಳನ್ನು ವೃತ್ತವಾಗಿ ನಿಲ್ಲಿಸಿದರು. ಒಂದೇ ನಿಯಮ: ಪಕ್ಕದಲ್ಲಿರುವವರು ನಿನ್ನ ಮನೆಮಾತಿನವರಾಗಿರಬಾರದು. ಗೊಣಗುತ್ತಲೇ ಬಂದು ನಿಂತರು.

ಅವರ ಊರಿನ ಹಳೆಯ ಪದ್ಧತಿಯಂತೆ ಮುಂದಾಳು ಒಂದು ಸಾಲು ಹಾಡಬೇಕು. ಸಾಲು ಮುಗಿಯುವ ಮೊದಲೇ ಉಳಿದವರೆಲ್ಲ ಕೊನೆಯ ಒಂದೆರಡು ಅಕ್ಷರವನ್ನು ಅವಳ ಬಾಯಿಂದ ಕಸಿದುಕೊಂಡ ಹಾಗೆ ಜತೆಗೂಡಬೇಕು, ಮತ್ತೆ ಆ ಇಡೀ ಸಾಲನ್ನು ಹಾಡಬೇಕು. ಅಷ್ಟು ಹೊತ್ತು ಮುಂದಾಳಿಗೆ ಉಸಿರು, ಮುಂದಿನ ಸಾಲು ಯೋಚಿಸಲು ಸಮಯ. ಯಾರೂ ಕೇಳುವವರಿಲ್ಲ. ಮೂರು ಸ್ವರದ ಧಾಟಿ, ಅದಕ್ಕೆ ಸ್ವರಜ್ಞಾನ ಬೇಡ.

ದಾರ್ಯಾ ರಷ್ಯನ್ನಿನಲ್ಲಿ ಒಂದು ಸಾಲು ಎಸೆದಳು. ಎಲ್ಲರೂ ಕಸಿದುಕೊಂಡು ಹಾಡಿದರು. ಅರ್ಧ ಜನ ನಗತೊಡಗಿದರು. ಮಾರೆತ್ ನನ್ನ ಕಿವಿಯಲ್ಲಿ ಅರ್ಥ ಹೇಳಿದರು: ಕಾಸ್ಪರ್ ಮೆಟ್ಟಿಲು ಇಳಿದರೆ ಶಾಲೆಯ ಗಂಟೆ ತಾನಾಗಿ ಹೊಡೆದುಕೊಳ್ಳುತ್ತದೆ. ಕಾಸ್ಪರ್ ಬಾಯಿ ಮುಚ್ಚಿ ನಿಂತ. ಮಾರೆತ್ ಕೈ ಎತ್ತಿದರು, ಹಾಡು ನಿಂತಿತು.

"ಎಲ್ಲರೂ," ಎಂದರು.

ಕಾಸ್ಪರ್ ಕೆಂಪಗಾದ. ತನ್ನನ್ನೇ ಹಂಗಿಸುವ ಸಾಲನ್ನು ತಾನೇ, ತನ್ನದಲ್ಲದ ಭಾಷೆಯಲ್ಲಿ, ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದ. ಬಯ್ಸಿಕೊಂಡವನೇ ಮುಂದಿನ ಮುಂದಾಳು. ಅವನು ಎಸ್ತೋನಿಯನ್ನಿನಲ್ಲಿ ಕೊಟ್ಟ: ದಾರ್ಯಾಳ ನೋಟ್‌ಬುಕ್ಕಿನಲ್ಲಿ ಲೆಕ್ಕವಿಲ್ಲ, ಹದಿನಾರು ಬೆಕ್ಕುಗಳಿವೆ. ಈಗ ದಾರ್ಯಾ ಅದನ್ನು ಹಾಡಬೇಕು. ಹಾಡಿದಳು.

ನನಗೆ ಇದೆಲ್ಲ ಎಲ್ಲೋ ಕೇಳಿದ ಹಾಗೆ ಇತ್ತು. ಭತ್ತದ ನೇಜಿ ನೆಡುವ ಗದ್ದೆ, ಬದುವಿನ ಮೇಲೆ ನಾನು, ಕೆಸರಿನಲ್ಲಿ ಹೆಂಗಸರ ಸಾಲು, ನೆಡಲು ಬರುತ್ತಿದ್ದ ಕಮಲಕ್ಕ ತುಳುವಿನಲ್ಲಿ ಒಂದು ಸಾಲು ಹೇಳಿ ಬಾಗಿದರೆ ಉಳಿದವರು ಎತ್ತಿಕೊಳ್ಳುವುದು. ಸಂಜೆ ಅಮ್ಮನಿಗೆ ಫೋನ್ ಮಾಡಿದೆ.

"ನೀನು ಎಲ್ಲಿ ಕೇಳಿದ್ದು ಅದನ್ನು?" ಎಂದಳು ಅಮ್ಮ. "ನಾವು ಗದ್ದೆ ಬಿಡುವಾಗ ನೀನು ತೊಟ್ಟಿಲಿನಲ್ಲಿ ಇದ್ದದ್ದು. ನಾನು ಹೇಳಿದ್ದನ್ನು ಕೇಳಿ ನೋಡಿದ ಹಾಗೆ ಮಾಡ್ತೀ."

"ಹಾಗಾದ್ರೆ ಕಮಲಕ್ಕ ಹಾಡಿದ್ದು ಸುಳ್ಳಾ?"

"ಸುಳ್ಳಲ್ಲ ಮಾರಾಯ್ತಿ! ಅವ್ಳು ಹಾಡುದು ಯಾರ ಬಗ್ಗೆ ಗೊತ್ತುಂಟಾ? ನನ್ನ ಅತ್ತೆಯ ಬಗ್ಗೆ. ಗಂಜಿ ನೀರು ನೀರಾಗಿ ಕೊಡ್ತಾರೆ ಅಂತ ಹಾಡಿನಲ್ಲಿ ಸೇರಿಸುದು. ಅತ್ತೆ ಬದುವಿನಲ್ಲಿ ನಿಂತು ಕೇಳ್ಬೇಕು. ಒಂದು ದಿನ ಅತ್ತೆಯೇ ಆ ಸಾಲು ಗುನುಗಿಕೊಂಡು ಗಂಜಿ ಬಗ್ಗಿಸಿದ್ದು ನಾನು ಕಂಡಿದ್ದೇನೆ."

"ಗಂಜಿ ದಪ್ಪ ಆಯ್ತಾ?"

"ಸ್ವಲ್ಪ ಆಯ್ತು."

ನನ್ನದಲ್ಲದ ನೆನಪನ್ನು ಇಷ್ಟು ವರ್ಷ ನನ್ನದೆಂದು ಇಟ್ಟುಕೊಂಡಿದ್ದೆ ಎಂದು ಬೇಸರವಾಗಬೇಕಿತ್ತು. ಆಗಲಿಲ್ಲ. ನೋಡಲು ಹೋದದ್ದು ಎಸ್ತೋನಿಯದಲ್ಲಿ ಸಿಕ್ಕಿತು, ಅದರ ಗುರುತು ನಮ್ಮ ಗದ್ದೆಯಲ್ಲಿತ್ತು. ಇನ್ನು ಮಾಡಬೇಕಾದದ್ದು ಮಾತ್ರ ಬಾಕಿ.

ಮರಳಿ: ಶುಕ್ರವಾರದ ಕೊನೆಯ ಪೀರಿಯಡ್

ಊರಿಗೆ ಬಂದ ಮೂರನೆಯ ದಿನ ಹೆಡ್‌ಮಾಸ್ಟರ್ ಶ್ರೀಧರನ್ ಮಾಷ್ ಎದುರು ನಿಂತೆ. ಶುಕ್ರವಾರದ ಕೊನೆಯ ಪೀರಿಯಡಿನಲ್ಲಿ ಸ್ಕ್ರೀನು ಸರಿಸಿ ಒಂಬತ್ತು ಎ ಮತ್ತು ಬಿ ಎರಡನ್ನೂ ನನಗೆ ಕೊಡಬೇಕೆಂದು ಕೇಳಿದೆ.

"ಅರುವತ್ತೊಂದು ಮಕ್ಕಳು ಟೀಚರೇ. ಈಗಷ್ಟೇ ಜಗಳ ತಣ್ಣಗಾದದ್ದು."

"ತಣ್ಣಗಾದದ್ದಲ್ಲ ಮಾಷೇ, ಮುಚ್ಚಿಟ್ಟದ್ದು."

ಅವರು ಕನ್ನಡಕ ತೆಗೆದು ಒರೆಸಿದರು. "ಮಹಾಸಭೆಯವರೆಗೆ ಮಾತ್ರ. ಇನ್ನೊಂದು ಪಾದ ಊದಿದ್ರೆ ನಾನು ಜವಾಬ್ದಾರಿ ಅಲ್ಲ."

ಮೊದಲ ಶುಕ್ರವಾರ ಸ್ಕ್ರೀನು ಸರಿಸಿ, "ಇವತ್ತು ಎಲ್ಲ ಒಟ್ಟಿಗೆ ಹಾಡುವ," ಎಂದೆ. ಹೇಳಿ ಮುಗಿಸುವ ಮೊದಲೇ ಎ ಯಿಂದ ಏಳು ಜನ, ಬಿ ಯಿಂದ ಏಳು ಜನ ತಾವಾಗಿ ಮುಂದೆ ಬಂದು ಅರ್ಧಚಂದ್ರಾಕಾರದಲ್ಲಿ ನಿಂತರು. ಎತ್ತರದವರು ಹಿಂದೆ, ಗಿಡ್ಡದವರು ಮುಂದೆ. ಉಳಿದ ನಲವತ್ತೇಳು ಜನ ಕೈಕಟ್ಟಿ ಬೆಂಚಿಗೆ ಒರಗಿದರು. ಈ ಶಿಸ್ತನ್ನು ಕಲಿಸಿದವಳು ನಾನಲ್ಲದೆ ಬೇರೆ ಯಾರೂ ಅಲ್ಲ.

"ಎಲ್ಲರೂ ಏಳಿ," ಎಂದೆ.

"ನನಗೆ ಪಾಡ್ಲಿಕ್ಕೆ ಬರುದಿಲ್ಲ ಟೀಚರೇ," ಎಂದು ಹಿಂದಿನಿಂದ ಒಂದು ದನಿ. "ಟೀಚರೇ ಆರನೇ ಕ್ಲಾಸಲ್ಲಿ ಹೇಳಿದ್ದು, ನೀನು ಬಾಯಿ ಮಾತ್ರ ಆಡಿಸು ಅಂತ." ಎಲ್ಲರೂ ನಕ್ಕರು. ನಾನು ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಆದರೆ ನಾನು ಹೇಳಿರಲಿಕ್ಕಿಲ್ಲ ಎಂದು ವಾದಿಸುವ ಧೈರ್ಯವೂ ಬರಲಿಲ್ಲ.

ಎರಡು ಶುಕ್ರವಾರ ಏನೂ ಆಗಲಿಲ್ಲ. ನಾನು ಮುಂದಾಳಾಗಿ ಮಳೆ, ಬಸ್ಸು ಎಂದು ಸಾಲು ಕೊಟ್ಟರೆ ಮಗ್ಗಿ ಹೇಳುವ ಹಾಗೆ ಹೇಳುತ್ತಿದ್ದರು. ಮೂರನೆಯ ಶುಕ್ರವಾರ ನಿಯಮ ಬದಲಿಸಿದೆ. ಆ ಕಡೆಯವರ ಬಗ್ಗೆ ಏನು ದೂರು ಉಂಟೋ ಅದನ್ನೇ ಸಾಲು ಮಾಡಿ. ಆದರೆ ಎಲ್ಲರೂ ಹಾಡಬೇಕು, ಬಯ್ಸಿಕೊಂಡವರೂ.

ಬಿ ಯ ಚೈತ್ರ ಎದ್ದಳು. ಮಾತಿಗೆ ಮಾತು ಕೊಡುವ, ಗಂಟಲು ಸ್ವಲ್ಪ ಒರಟಾದ ಹುಡುಗಿ. ಎಂದೂ ನಾನು ಏಳರಲ್ಲಿ ಸೇರಿಸದವಳು.

"ಎ ಕ್ಲಾಸಿನ ಲೆಕ್ಕದ ಟೀಚರ್ ಬೊಬ್ಬೆ ಹಾಕಿದ್ರೆ, ನಮ್ಮ ಚರಿತ್ರೆಯ ರಾಜ ಓಡಿ ಹೋದ!"

ಬಿ ಕಡೆ ಸಿಡಿಮದ್ದಿನ ಹಾಗೆ ನಗು. ಎ ಕಡೆಯ ಶಿಫಾನ ಕೈ ಎತ್ತಿದಳು. ಕಲೋತ್ಸವದಲ್ಲಿ ಗೆದ್ದ ಏಳು ಜನರಲ್ಲಿ ಮೊದಲನೆಯವಳು ಅವಳು.

"ಟೀಚರೇ, ಅವ್ಳು ಬಯ್ದದ್ದು ನಮ್ಮ ಟೀಚರಿಗೆ. ನಾವೇ ಪಾಡ್ಬೇಕಾ?"

"ಪಾಡ್ಬೇಕು. ಆಮೇಲೆ ಮುಂದಾಳು ನೀನು."

ಹಲ್ಲು ಕಚ್ಚಿ ಹಾಡಿದಳು. ಆಮೇಲೆ ಮಲಯಾಳದಲ್ಲಿ ಒಂದು ಸಾಲು ಕೊಟ್ಟಳು: ಬಿ ಕ್ಲಾಸಿನವರ ಕಿವಿಗೆ ಪಾಠ ಕೇಳುವುದಿಲ್ಲ, ಎರಡು ಮೈಲಿ ಆಚೆಯ ಬಸ್ಸಿನ ಹಾರ್ನ್ ಕೇಳುತ್ತದೆ. ಚೈತ್ರ ಅದನ್ನು ಮಲಯಾಳದಲ್ಲೇ ಹಾಡಿದಳು, ಉಚ್ಚಾರ ತಪ್ಪಿ. ಶಿಫಾನ ತಿದ್ದಿದಳು. ಚೈತ್ರ ಮತ್ತೆ ಹಾಡಿದಳು. ಬೆಲ್ ಹೊಡೆದದ್ದು ಯಾರಿಗೂ ಕೇಳಲಿಲ್ಲ. ಎರಡು ಮೈಲಿ ಆಚೆಯ ಬಸ್ಸು ಮಾತ್ರ ಕೇಳಿಸಿರಬೇಕು, ಆಮೇಲೆ ಎಲ್ಲರೂ ಒಟ್ಟಿಗೆ ಓಡಿದರು.

ಸೋಮವಾರ ಎ ಯ ಗಣಿತದ ಸುಜಾತ ಟೀಚರ್ ಸ್ಟಾಫ್ ರೂಮಿನಲ್ಲಿ ನನ್ನನ್ನು ಹಿಡಿದರು.

"ನನ್ನ ಬಗ್ಗೆ ಪಾಟು ಕಟ್ಟಿದ್ರಂತೆ?"

"ಕಟ್ಟಿದ್ದು ಹೌದು ಟೀಚರ್. ಕ್ಷಮಿಸಿ."

"ಇಡೀ ಬೊಬ್ಬೆ ನಂದೇ ಅಂತ ಹೇಳಿದ್ರಾ? ನೀವು ಪಾಣಿಪತ್ತಿನ ಯುದ್ಧ ಮಾಡುವಾಗ ನಮಗೆ ಕೇಳುದಿಲ್ವಾ?"

ಅವರು ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಐದನೆಯ ದಿನ, ಶುಕ್ರವಾರ, ಹಾಲಿನ ಬಾಗಿಲಲ್ಲಿ ಬಂದು ನಿಂತಿದ್ದರು. ಹಾಡಿದರು ಎಂದು ನನಗೆ ನೆನಪು. ಡೈರಿಯಲ್ಲಿ "ಸು. ಟೀಚರ್ ಬಾಗಿಲಲ್ಲಿ" ಎಂದಷ್ಟೇ ಉಂಟು.

ಡಿಸೆಂಬರ್: ಮಹಾಸಭೆ

ಮಹಾಸಭೆ ಶುಕ್ರವಾರ ಮಧ್ಯಾಹ್ನ, ಅದೇ ಹಾಲಿನಲ್ಲಿ. ಹೊರಗೆ ಕೆಂಪುಕಲ್ಲು ರಾಶಿ ಬಿದ್ದಿತ್ತು. ಕೊಡಿಸಿದವರು ಸಂಘದ ಅಧ್ಯಕ್ಷ ಅಂದುಚ್ಚ. ಮೂವತ್ತು ವರ್ಷ ದುಬೈಯಲ್ಲಿದ್ದು ಬಂದು ಈಗ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು, ಶಾಲೆಗೆ ಏನು ಬೇಕೆಂದರೂ ಮೊದಲು ಕೈ ಎತ್ತುವವರು. ಎದುರಾಳಿ ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಿತ್ತು.

ಮೊದಲು ಎಂಟನೆಯ ಕ್ಲಾಸಿನ ಹುಡುಗಿಯೊಬ್ಬಳ ತಾಯಿ ಎದ್ದು, ಹುಡುಗಿಯರ ಕಕ್ಕೂಸು ಸಾಲದು, ಮಕ್ಕಳು ಸಂಜೆವರೆಗೆ ನೀರೇ ಕುಡಿಯುವುದಿಲ್ಲ ಎಂದು ದೂರಿದಳು. ಬರೆದುಕೊಂಡರು. ಆಮೇಲೆ ಗೋಡೆ.

"ಗೋಡೆ ಅಂದ್ರೆ ಜಗಳ ಅಲ್ಲ," ಎಂದರು ಅಂದುಚ್ಚ. "ಪಾಠ ಕೇಳ್ಬೇಕು, ಮಕ್ಕಳಿಗೆ ಪೆಟ್ಟಾಗ್ಬಾರ್ದು. ಅಷ್ಟೆ. ಯಾರಿಗಾದ್ರೂ ಎಂತಾದ್ರೂ ಹೇಳ್ಲಿಕ್ಕುಂಟಾ?"

ನಾನು ಎದ್ದೆ. ಒಳ್ಳೆಯ ಭಾಷಣ ಬರೆದು ತಂದಿದ್ದೆ. ಅದರಲ್ಲಿ ವಾಲ್ಗ, ತೋಡು, ಎರಡು ದೇಶ ಎಲ್ಲ ಇತ್ತು. ಕಾಗದ ಬಿಚ್ಚಿದಾಗ, ಇವರನ್ನೆಲ್ಲ ಮತ್ತೆ ಕೇಳುವವರನ್ನಾಗಿ ಮಾಡಲು ಹೊರಟಿದ್ದೇನೆ ಎಂದು ಹೊಳೆಯಿತು. ಕಾಗದ ಮಡಚಿದೆ.

"ಮಕ್ಕಳು ಹತ್ತು ನಿಮಿಷ ಹಾಡ್ತಾರೆ. ಒಂದೇ ನಿಯಮ. ಈ ಹಾಲಿನಲ್ಲಿ ಇರುವವರೆಲ್ಲ ತಿರುಗಿ ಹಾಡ್ಬೇಕು. ಎಲ್ಲರೂ. ಆಗದವರು ಹೊರಗೆ ಕಲ್ಲಿನ ಮೇಲೆ ಕೂತ್ಕೊಳ್ಬಹುದು."

ನಗು ಎದ್ದಿತು. ಒಬ್ಬರೂ ಹೊರಗೆ ಹೋಗಲಿಲ್ಲ.

ಅರುವತ್ತೊಂದು ಮಕ್ಕಳು ಪೋಷಕರ ನಡುನಡುವೆ ಹೋಗಿ ನಿಂತರು, ಪಕ್ಕದಲ್ಲಿ ತಮ್ಮ ಮನೆಮಾತಿನವರು ಇರದ ಹಾಗೆ. ಶಿಫಾನ ಶುರುಮಾಡಿದಳು. ಪರೀಕ್ಷೆಯ ಬಗ್ಗೆ, ಬಸ್ಸಿನ ಬಗ್ಗೆ, ಮಧ್ಯಾಹ್ನದ ಬಿಸಿಲಿನ ಬಗ್ಗೆ ಮಲಯಾಳದಲ್ಲಿ, ಕನ್ನಡದಲ್ಲಿ ಸಾಲುಗಳು ಬಂದವು. ಪೋಷಕರು ಮೊದಲು ತುಟಿ ಆಡಿಸಿದರು. ಎಲ್ಲೋ ಒಂದು ಕಡೆ ಒಬ್ಬ ಅಜ್ಜಿ ತುಳುವಿನಲ್ಲಿ ಒಂದು ಸಾಲು ನುಗ್ಗಿಸಿದರು. ಸೊಂಟ ನೋಯುತ್ತದೆ, ಕುರ್ಚಿ ಕೊಡಿ ಎಂದು. ಕುರ್ಚಿ ಕೊಡಿ ಎಂದು ಇಡೀ ಹಾಲ್ ತುಳುವಿನಲ್ಲಿ ಕೇಳಿತು. ಕುರ್ಚಿ ಬಂತು. ಶ್ರುತಿ ಎಂಬುದು ಆ ಹೊತ್ತಿಗೆ ಯಾವ ಕಡೆಯೂ ಇರಲಿಲ್ಲ.

ಆಗ ಚೈತ್ರ: "ಕಲ್ಲು ಬಂತು, ಕಲ್ಲು ಬಂತು, ಕೊಡಿಸಿದ್ದು ಯಾರು?"

ಇದು ನಾನು ಹೇಳಿಕೊಟ್ಟದ್ದಲ್ಲ. ಹೇಳಿಕೊಟ್ಟಿದ್ದೇನೆಂದು ಎಲ್ಲರೂ ತಿಳಿಯುತ್ತಾರೆ. ಹಾಲ್ ಆ ಸಾಲನ್ನು ಎತ್ತಿಕೊಂಡಿತು. ಅಂದುಚ್ಚ ಕೂಡ, ಅಭ್ಯಾಸಬಲದಿಂದ, ದೊಡ್ಡ ದನಿಯಲ್ಲಿ ಕೊಡಿಸಿದ್ದು ಯಾರು ಎಂದು ಹಾಡಿ, ಹಾಡಿದ ಮೇಲೆ ನಿಂತರು. ಎಲ್ಲರೂ ಅವರತ್ತ ತಿರುಗಿದರು.

"ನಿಯಮ ಉಂಟು ಅಂದುಚ್ಚ," ಎಂದಳು ಚೈತ್ರ. "ಬಯ್ಸಿಕೊಂಡವರೇ ಮುಂದಾಳು."

"ನನಗಾ?" ಎಂದರು ಅವರು. "ಪಡಚ್ಚೋನೇ!" ಎಂದು ದೇವರನ್ನು ಕರೆದು ಹೆಡ್‌ಮಾಸ್ಟರ್ ಕಡೆ ನೋಡಿದರು. ಶ್ರೀಧರನ್ ಮಾಷ್ ಕನ್ನಡಕ ಒರೆಸುತ್ತಿದ್ದರು. ಅಂದುಚ್ಚ ಗಂಟಲು ಸರಿಮಾಡಿಕೊಂಡರು. ಏನು ಹೇಳಬೇಕೆಂದು ತೋಚದೆ ಸುತ್ತ ನೋಡುವಾಗ ಅವರ ಕಣ್ಣಿಗೆ ಬಿದ್ದದ್ದು, ಆಗ ದೂರು ಹೇಳಿದ ಆ ತಾಯಿ. ಮೂರು ಸ್ವರದ ಧಾಟಿಯನ್ನು ಎರಡು ಸ್ವರಕ್ಕೆ ಇಳಿಸಿ, ಮಲಯಾಳದಲ್ಲಿ ಹಾಡಿದರು:

"ಕಲ್ಲ್ ಕಕ್ಕೂಸಿನ್ ಮದಿ!"

ಕಲ್ಲು ಕಕ್ಕೂಸಿಗೆ ಸಾಕು, ಗೋಡೆಗೆ ಬೇಡ. ಅರುವತ್ತೊಂದು ಮಕ್ಕಳು, ಅವರ ಅಪ್ಪ ಅಮ್ಮಂದಿರು, ಸುಜಾತ ಟೀಚರ್, ಹೆಡ್‌ಮಾಸ್ಟರ್, ಕಾರ್ಯಕಾರಿ ಸಮಿತಿಯ ಎಲ್ಲ ಸದಸ್ಯರು ಅದನ್ನು ಎತ್ತಿಕೊಂಡು ಹಾಡಿದರು. ನಿಯಮದ ಪ್ರಕಾರ ಒಂದು ಸಲ ಸಾಕಿತ್ತು. ಮಕ್ಕಳು ನಾಲ್ಕು ಸಲ ಹಾಡಿಸಿದರು. ನಾಲ್ಕನೆಯ ಸಲ ಅಂದುಚ್ಚ ತಾಳ ಹಾಕುತ್ತಿದ್ದರು.

ಸಭೆ ಮುಗಿದ ಮೇಲೆ ಶ್ರೀಧರನ್ ಮಾಷ್ ನನ್ನನ್ನು ಕರೆದು ಮಿನಿಟ್ಸ್ ಪುಸ್ತಕ ತೆರೆದರು. "ಇದನ್ನು ಎಂತ ಅಂತ ಬರೆಯುದು ಟೀಚರೇ? ಮತಕ್ಕೆ ಹಾಕಿಲ್ಲ."

"ಎಲ್ಲರೂ ಹೇಳಿದ್ದಾರಲ್ಲ ಮಾಷೇ, ಬಾಯಿಬಿಟ್ಟು."

ಅವರು ಸರ್ವಾನುಮತ ಎಂದು ಬರೆದರು. ಮುಂದಿನ ವಾಕ್ಯದಲ್ಲಿ, ಗೋಡೆಯ ವಿಷಯವನ್ನು ಮುಂದಿನ ಡಿಸೆಂಬರಿನ ಮಹಾಸಭೆಯಲ್ಲಿ ಮತ್ತೆ ಪರಿಶೀಲಿಸುವುದು ಎಂದೂ ಬರೆದರು. ಹಾಗಾಗಿ ನಾನು ಗೆದ್ದೆ ಎಂದು ಇಲ್ಲಿ ಬರೆಯಲಾರೆ. ಕಲ್ಲು ತಿರುಗಿದ್ದು ಹಾಡಿನಿಂದಲೋ, ಆ ತಾಯಿಯ ದೂರಿನಿಂದಲೋ, ಎಲ್ಲರೆದುರು ಬೇರೇನೂ ಹೊಳೆಯದ ಅಂದುಚ್ಚರ ಗಾಬರಿಯಿಂದಲೋ ಹೇಳಲಾರೆ. ಒಂದು ವರ್ಷ ಸಿಕ್ಕಿದೆ. ಅದರಲ್ಲಿ ಎಷ್ಟು ಶುಕ್ರವಾರ ಉಂಟೋ ಅಷ್ಟೂ ನನಗೆ ಬೇಕು ಎಂದು ಮಾಷಿಗೆ ಹೇಳಿ, ಟೈಮ್‌ಟೇಬಲಿನಲ್ಲಿ ಬರೆಸಿಕೊಂಡೇ ಹೊರಗೆ ಬಂದೆ.

ರಜೆ ಮುಗಿದ ಮೊದಲ ಶುಕ್ರವಾರ ನಾನು ಹಾಲಿಗೆ ಹೋಗುವಾಗ ಸ್ಕ್ರೀನನ್ನು ಅವರೇ ಸರಿಸಿಯಾಗಿತ್ತು. ನಾನು ಬಾಗಿಲು ದಾಟಿದ್ದೇ ತಡ, ಚೈತ್ರ ಮತ್ತು ಶಿಫಾನ ಒಟ್ಟಿಗೆ ಎತ್ತಿದರು:

"ಟೀಚರ್ ಬಂದ್ರು, ಬಾಯಿ ಬಿಟ್ರು, ಶ್ರುತಿ ಎವಿಡೆ ಪೋಯಿ?"

ಅರ್ಧ ಕನ್ನಡ, ಶ್ರುತಿ ಎಲ್ಲಿ ಹೋಯಿತೆಂದು ಕೇಳುವ ಅರ್ಧ ಮಲಯಾಳ. ಯಾವಾಗ ಕೂತು ಕಟ್ಟಿದರೋ. ಐವತ್ತೊಂಬತ್ತು ಜನ ಅದನ್ನು ಎತ್ತಿಕೊಂಡು ಹಾಡಿ, ಹಾಡು ನಿಲ್ಲಿಸಿ, ನನ್ನ ಬಾಯಿಯನ್ನೇ ನೋಡುತ್ತ ಕಾದರು.

ಹಾಡಿದೆ. ಶ್ರುತಿ ತಪ್ಪಿತು.